ಓದುಗರ ಪ್ರಶ್ನೆ, ನಮ್ಮ ಉತ್ತರ: ನೀರುಬಣ್ಣದ ಮರದಚ್ಚು

ಹಿಂದಿನ ಸಂಚಿಕೆಯ ಮುಖಪುಟಕ್ಕೆ ಜಪಾನಿನ ಚಿತ್ರಕಾರ ಹೊಕುಸಾಯ್‌ನ ಅಲೆಯ ಚಿತ್ರವನ್ನು ಬಳಸಿದಾಗ, ಜಪಾನಿನ ನೀರುಬಣ್ಣದ ಮರದಚ್ಚು ಕಲೆಯನ್ನು ಇಂದು ಹಲವು ದೇಶಗಳ ಕಲಾವಿದರು ತಮ್ಮದಾಗಿಸಿಕೊಂಡಿದ್ದಾರೆ ಎಂಬ ಎರಡು ಸಾಲಿನ ಟಿಪ್ಪಣಿಯನ್ನೂ ಕೊಟ್ಟಿದ್ದೆವು. ಅದನ್ನು ಓದಿ ಬರೆದವರ ಪತ್ರಗಳಲ್ಲಿ ಒಂದೇ ಬಗೆಯವನ್ನು ಕೂಡಿಸಿ, ಉಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಈ ಕಲೆಯನ್ನು ಈಗ ಹಲವು ದೇಶಗಳಲ್ಲಿ ಮೊಕುಹಂಗಾ ಎಂಬ ಜಪಾನಿ ಹೆಸರಿನಿಂದಲೇ ಗುರುತಿಸುವುದರಿಂದ ನಾವೂ ಅದನ್ನೇ ಬಳಸಿದ್ದೇವೆ.

ಪ್ರಶ್ನೆ: ಹೊಕುಸಾಯ್ ತನ್ನ ಅಲೆಯ ಚಿತ್ರವನ್ನು ತಾನೇ ಕೆತ್ತಿ ತಾನೇ ಅಚ್ಚು ಹಾಕಿದನೆ? ಹಾಗಿಲ್ಲದಿದ್ದರೆ ಅದನ್ನು ಅವನ ಕೃತಿ ಎನ್ನುವುದು ಹೇಗೆ?
— ದಾವಣಗೆರೆಯ ಓದುಗರೊಬ್ಬರು

ಉತ್ತರ: ಅವನು ಕೆತ್ತಲೂ ಇಲ್ಲ, ಅಚ್ಚು ಹಾಕಲೂ ಇಲ್ಲ. ಎದೊ ಕಾಲದ (ಹದಿನೇಳರಿಂದ ಹತ್ತೊಂಬತ್ತನೆಯ ಶತಮಾನದವರೆಗಿನ) ಜಪಾನಿನಲ್ಲಿ ಇಂತಹ ಚಿತ್ರದ ಹಿಂದೆ ನಾಲ್ಕು ಪಾತ್ರಗಳಿರುತ್ತಿದ್ದವು. ಹಣ ಹೂಡಿ, ಯಾವ ವಿಷಯದ ಚಿತ್ರ ಬೇಕೆಂದು ನಿರ್ಧರಿಸಿ, ಮಾರಾಟವನ್ನೂ ನೋಡಿಕೊಳ್ಳುತ್ತಿದ್ದವನು ಪ್ರಕಾಶಕ. ಚಿತ್ರಕಾರನು ತೆಳುವಾದ ಕಾಗದದ ಮೇಲೆ ರೇಖೆಗಳನ್ನು ಬರೆದು ಕೊಡುತ್ತಿದ್ದ. ಕೆತ್ತನೆಗಾರನು ಆ ಕಾಗದವನ್ನು ಬೋರಲಾಗಿ ಹಲಗೆಗೆ ಅಂಟಿಸಿ, ರೇಖೆಗಳನ್ನು ಉಳಿಸಿಕೊಂಡು ಸುತ್ತಲಿನ ಮರವನ್ನು ತೆಗೆಯುತ್ತಿದ್ದುದರಿಂದ ಮೂಲ ರೇಖಾಚಿತ್ರವು ಈ ಕೆಲಸದಲ್ಲಿಯೇ ನಾಶವಾಗುತ್ತಿತ್ತು. ಕೊನೆಯದಾಗಿ ಮುದ್ರಕನು ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆಯನ್ನು ಬಳಸಿ ಪ್ರತಿಗಳನ್ನು ಎತ್ತುತ್ತಿದ್ದ. ಆದ್ದರಿಂದ ನಾವು ಇಂದು ವಸ್ತುಸಂಗ್ರಹಾಲಯಗಳಲ್ಲಿ ನೋಡುವ, ಸುಮಾರು 25 ಸೆಂ.ಮೀ. ಎತ್ತರ ಮತ್ತು 37 ಸೆಂ.ಮೀ. ಅಗಲದ ಆ ಹಾಳೆಗಳ ಹಿಂದೆ ಬೇರೊಂದು ಮೂಲಚಿತ್ರವು ಎಲ್ಲಿಯೋ ಅಡಗಿ ಕುಳಿತಿಲ್ಲ. ಆ ಪ್ರತಿಗಳೇ ಕೃತಿ. 1830ರ ಆಸುಪಾಸಿನಲ್ಲಿ ಪ್ರಕಟವಾದ ಈ ಚಿತ್ರದ ಒಂದು ಪ್ರತಿ 2023ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 27 ಲಕ್ಷ ಡಾಲರ್‌ಗಳಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಅದರ ಹಲಗೆಗಳನ್ನು ಕೆತ್ತಿದವರ ಹೆಸರನ್ನು ಅಲ್ಲಿಯೂ ಯಾರೂ ಕೇಳಿದಂತಿಲ್ಲ.

ಚಿತ್ರಕಾರನೇ ಬರೆದು, ಕೆತ್ತಿ, ಮುದ್ರಿಸಬೇಕು ಎಂಬ ವಿಚಾರವು ಜಪಾನಿನಲ್ಲಿ ಬೇರುಬಿಟ್ಟದ್ದು ಇಪ್ಪತ್ತನೆಯ ಶತಮಾನದಲ್ಲಿ. 1904ರಲ್ಲಿ ಯಾಮಾಮೊಟೊ ಕನಾಎ ಎಂಬ ತರುಣನು ಮೀನುಗಾರನೊಬ್ಬನ ಚಿತ್ರವನ್ನು ತಾನೇ ಕೆತ್ತಿ ಮುದ್ರಿಸಿದ. ಅಲ್ಲಿಂದ ಬೆಳೆದ ಚಳವಳಿಯು ಸೋಸಾಕು ಹಂಗಾ (ಸೃಜನಶೀಲ ಮುದ್ರಣ) ಎಂದು ಹೆಸರಾಯಿತು. ಇದೇ ಕಾಲದಲ್ಲಿ ವಾತಾನಾಬೆ ಶೋಜಾಬುರೊ ಎಂಬ ಪ್ರಕಾಶಕರು ಹಳೆಯ ನಾಲ್ಕು ಪಾತ್ರಗಳ ಪದ್ಧತಿಯನ್ನು ಉಳಿಸಿಕೊಂಡೇ ಕವಾಸೆ ಹಾಸುಯಿ, ಇತೊ ಶಿನ್‌ಸುಯಿ ಮೊದಲಾದವರಿಂದ ಹೊಸ ಚಿತ್ರಗಳನ್ನು ಬರೆಸಿದರು. 1923ರ ಕಾಂತೊ ಭೂಕಂಪದ ಬೆಂಕಿಯಲ್ಲಿ ಅವರ ಹಲಗೆಗಳೆಲ್ಲ ಸುಟ್ಟುಹೋದ ಮೇಲೂ ಅವರು ಮತ್ತೆ ಮೊದಲಿನಿಂದ ಆರಂಭಿಸಿದರು. ಇಂದಿನ ಅಂತಾರಾಷ್ಟ್ರೀಯ ಮೊಕುಹಂಗಾ ಹೆಚ್ಚಾಗಿ ಮೊದಲನೆಯ ದಾರಿಯನ್ನು ಹಿಡಿದಿದೆ. ಹಾಗೆಂದು ಎರಡನೆಯ ದಾರಿ ಮುಚ್ಚಿಲ್ಲ. ಟೋಕಿಯೊದ ಅದಾಚಿ ಸಂಸ್ಥೆಯ ಕೆತ್ತನೆಗಾರರೂ ಮುದ್ರಕರೂ ಯಾಯೋಯಿ ಕುಸಾಮಾ ಅವರ ಫುಜಿ ಪರ್ವತದ ಚಿತ್ರಗಳನ್ನು ಅದೇ ಹಳೆಯ ಕ್ರಮದಲ್ಲಿ ಮರಕ್ಕಿಳಿಸಿ ಮುದ್ರಿಸಿದ್ದಾರೆ.

ಪ್ರಶ್ನೆ: ನಾನು ಕಲಾ ಶಾಲೆಯ ವಿದ್ಯಾರ್ಥಿ. ನಮಗೆ ವುಡ್‌ಕಟ್ ಕಲಿಸುವಾಗ ಎಣ್ಣೆಶಾಯಿಯನ್ನು ರೋಲರ್‌ನಿಂದ ಹಚ್ಚಿ ಪ್ರೆಸ್ಸಿನಲ್ಲಿ ಒತ್ತಿಸುತ್ತಾರೆ. ಮೊಕುಹಂಗಾದಲ್ಲಿ ಶಾಯಿಯ ಬದಲು ನೀರುಬಣ್ಣ ಬಳಸುತ್ತಾರೆ ಎಂಬುದನ್ನು ಬಿಟ್ಟರೆ ಬೇರೆ ಏನು ವ್ಯತ್ಯಾಸವಿದೆ?
— ಧಾರವಾಡದ ವಿದ್ಯಾರ್ಥಿ

ಉತ್ತರ: ನೀರುಬಣ್ಣಕ್ಕೆ ಬದಲಾಯಿಸಿಕೊಂಡ ಕೂಡಲೇ ಉಳಿದುದೆಲ್ಲವೂ ಬದಲಾಗುತ್ತದೆ ಎಂಬುದೇ ಉತ್ತರದ ಸಾರ. ಎಣ್ಣೆಶಾಯಿ ಅಂಟಾಗಿದ್ದು ಮರದ ಉಬ್ಬಿದ ಭಾಗದ ಮೇಲೆ ತೆಳುವಾದ ಪದರವಾಗಿ ಕೂರುತ್ತದೆ, ಅಲ್ಲಿಂದ ಕಾಗದದ ಮೇಲ್ಮೈಗೆ ವರ್ಗವಾಗುತ್ತದೆ. ನೀರಿನಲ್ಲಿ ಕಲಸಿದ ಬಣ್ಣವನ್ನು ರೋಲರ್ ಹಿಡಿಯಲಾರದು. ಅದನ್ನು ಕುದುರೆಕೂದಲಿನ ಕುಂಚದಿಂದ ಹಲಗೆಯ ಮೇಲೆ ಉಜ್ಜಿ ಹರಡಬೇಕು, ಒಣಗುವುದರೊಳಗೆ ಕಾಗದವನ್ನು ಇಟ್ಟು ಒತ್ತಬೇಕು. ಕುಂಚದ ಗೆರೆಗಳು ಉಳಿಯದಿರಲಿ ಎಂದು ಜಪಾನಿನ ಮುದ್ರಕರು ಅದರ ಕೂದಲಿನ ತುದಿಗಳನ್ನು ಒಣಗಿಸಿದ ಶಾರ್ಕ್ ಚರ್ಮದ ಮೇಲೆ ತಿಕ್ಕಿ, ಎಳೆಎಳೆಯಾಗಿ ಸೀಳಿ ಮೃದುಗೊಳಿಸುತ್ತಾರೆ. ಬಣ್ಣದ ಜೊತೆಗೆ ಹಲಗೆಯ ಮೇಲೆಯೇ ಅಕ್ಕಿಹಿಟ್ಟಿನ ಅಂಟನ್ನು ಒಂದೆರಡು ತೊಟ್ಟು ಬೆರೆಸುತ್ತಾರೆ. ಅಂಟು ಬಣ್ಣವನ್ನು ಸಮನಾಗಿ ಹರಡುತ್ತದೆ. ಅಂಟನ್ನು ಬೇಕೆಂದೇ ಬಿಟ್ಟು ಹಗುರವಾಗಿ ಒತ್ತಿದರೆ ಎಳ್ಳು ಚೆಲ್ಲಿದಂತಹ ಕಾಳುಕಾಳಾದ ಮೈ ಸಿಗುತ್ತದೆ, ಅದನ್ನೂ ಒಂದು ಪರಿಣಾಮವೆಂದು ಬಳಸಿಕೊಳ್ಳುವ ಕಲಾವಿದರಿದ್ದಾರೆ.

ಕಾಗದವು ಒಣಗಿರಬಾರದು. ಇಸ್ತ್ರಿಗೆ ಮೊದಲು ನೀರು ಚಿಮುಕಿಸಿ ಸುತ್ತಿಟ್ಟ ಬಟ್ಟೆಯಷ್ಟು ತೇವ ಅದರಲ್ಲಿರಬೇಕು. ಅಷ್ಟೇ ಮುಖ್ಯವಾಗಿ, ಮೊದಲ ಬಣ್ಣದಿಂದ ಕೊನೆಯ ಬಣ್ಣದವರೆಗೆ ಆ ತೇವ ಒಂದೇ ಸಮನಾಗಿ ಉಳಿಯಬೇಕು. ಕಾಗದವು ತೇವಕ್ಕೆ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ. ನಡುವೆ ಒಣಗಲು ಬಿಟ್ಟರೆ ನಾಲ್ಕನೆಯ ಬಣ್ಣವು ಮೂರನೆಯದರ ಮೇಲೆ ಸರಿಯಾಗಿ ಕೂರುವುದಿಲ್ಲ. ಕೋಜೊ ಎಂಬ ಹಿಪ್ಪುನೇರಳೆ ಜಾತಿಯ ಗಿಡದ ತೊಗಟೆಯಿಂದ ಮಾಡಿದ ಕಾಗದವನ್ನೇ ಇದಕ್ಕೆ ಆರಿಸುವುದಕ್ಕೆ ಕಾರಣ ಅದರ ಉದ್ದವಾದ ನಾರು. ಇಪ್ಪತ್ತು ಮೂವತ್ತು ಬಾರಿ ತೇವದಲ್ಲಿಯೇ ಉಜ್ಜಿಸಿಕೊಂಡರೂ ಅದು ಹರಿಯುವುದಿಲ್ಲ. ಬಣ್ಣ ಹೀರಿ ಹರಡದಿರಲೆಂದು ಪಟಿಕ ಮತ್ತು ಪ್ರಾಣಿಜನ್ಯ ಅಂಟಿನ ದ್ರಾವಣವನ್ನು ಅದಕ್ಕೆ ಮೊದಲೇ ಸವರಿರುತ್ತಾರೆ.

ಪ್ರೆಸ್ಸಿನ ಜಾಗದಲ್ಲಿ ಅಂಗೈಯಗಲದ ಬಾರೆನ್ ಎಂಬ ಬಿಲ್ಲೆಯಿದೆ. ತೆಳುವಾದ ಕಾಗದಗಳನ್ನು ಪದರಪದರವಾಗಿ ಅಂಟಿಸಿ ಅರಗು ಬಳಿದ ತಟ್ಟೆಯೊಳಗೆ, ಬಿದಿರಿನ ಪೊರೆಯ ಎಳೆಗಳನ್ನು ಹೊಸೆದು ಮಾಡಿದ ದಾರವನ್ನು ಸುರುಳಿಯಾಗಿ ಕೂರಿಸಿ, ಮೇಲೆ ಬಿದಿರಿನ ಪೊರೆಯನ್ನೇ ಬಿಗಿಯಾಗಿ ಸುತ್ತಿ ಕಟ್ಟುತ್ತಾರೆ. ದಾರದ ಗಂಟುಗಂಟಾದ ಮೈ ಕಾಗದದ ಬೆನ್ನನ್ನು ಸಾವಿರಾರು ಚುಕ್ಕೆಗಳಲ್ಲಿ ಒತ್ತುತ್ತದೆ. ಎಳೆಗಳು ದಪ್ಪವಾಗಿದ್ದರೆ ಒತ್ತಡ ಹೆಚ್ಚು, ಹೀಗಾಗಿ ಅಗಲವಾದ ಬಣ್ಣದ ಹರವಿಗೆ ಒಂದು ಬಾರೆನ್, ಸೂಕ್ಷ್ಮ ರೇಖೆಗೆ ಇನ್ನೊಂದು. ಈ ಒತ್ತಡದಲ್ಲಿ ಬಣ್ಣವು ಕಾಗದದ ನಾರಿನೊಳಕ್ಕೆ ಇಳಿಯುತ್ತದೆ. ಮೊಕುಹಂಗಾ ಚಿತ್ರದ ಬಣ್ಣಕ್ಕೆ ಹೊಳಪಿಲ್ಲದ, ಒಳಗಿನಿಂದ ಬೆಳಗುವ ಗುಣ ಬರುವುದು ಇದರಿಂದಲೇ. ಹಲಗೆಯ ಮೇಲೆ ಕುಂಚದಲ್ಲಿ ಒಂದು ಅಂಚಿಗೆ ಬಣ್ಣ, ಇನ್ನೊಂದು ಅಂಚಿಗೆ ಬರಿಯ ನೀರು ಹಿಡಿದು ಎಳೆದರೆ ಗಾಢದಿಂದ ತಿಳಿಗೆ ಇಳಿಯುವ ಛಾಯೆ ಸಿಗುತ್ತದೆ. ಹೊಕುಸಾಯ್‌ನ ಸಮಕಾಲೀನನಾದ ಚಿತ್ರಕಾರ ಹಿರೋಶಿಗೆಯ ಆಕಾಶಗಳೆಲ್ಲ ಬೊಕಾಶಿ ಎಂಬ ಈ ಛಾಯೆಯಿಂದ ಆದವು. ಪ್ರತಿಯೊಂದು ಪ್ರತಿಗೂ ಇದನ್ನು ಕೈಯಿಂದ ಮತ್ತೆ ಮಾಡಬೇಕು, ಆದ್ದರಿಂದ ಎರಡು ಪ್ರತಿಗಳು ಕೂದಲೆಳೆಯಷ್ಟಾದರೂ ಬೇರೆಯಾಗಿರುತ್ತವೆ.

ಬಣ್ಣಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುವ ಉಪಾಯವಂತೂ ಬಹಳ ಸರಳ. ಪ್ರತಿ ಹಲಗೆಯ ಒಂದು ಮೂಲೆಯಲ್ಲಿ ಕೋನಾಕಾರದ ಕಚ್ಚು, ಅದೇ ಬದಿಯಲ್ಲಿ ಸ್ವಲ್ಪ ದೂರಕ್ಕೆ ನೇರವಾದ ಇನ್ನೊಂದು ಕಚ್ಚು ಕೆತ್ತಿರುತ್ತಾರೆ. ಕಾಗದದ ಮೂಲೆಯನ್ನು ಮೊದಲನೆಯದಕ್ಕೂ ಅಂಚನ್ನು ಎರಡನೆಯದಕ್ಕೂ ತಾಗಿಸಿ ಇಳಿಬಿಟ್ಟರೆ ಸಾಕು. ಕೆಂತೊ ಎಂಬ ಈ ಗುರುತುಗಳ ನೆರವಿನಿಂದಲೇ 1765ರಲ್ಲಿ ಸುಜುಕಿ ಹರುನೊಬುವಿನ ಚಿತ್ರಗಳು ಪೂರ್ಣ ವರ್ಣದಲ್ಲಿ ಹೊರಬಂದವು, ಇಂದಿನ ಕಲಾವಿದರೂ ಇವನ್ನೇ ಕೆತ್ತುತ್ತಾರೆ. ನಿಮ್ಮ ಶಾಲೆಯಲ್ಲಿ ಪ್ರೆಸ್ಸಿಗಾಗಿ ಸರದಿ ಕಾಯಬೇಕಾಗಿದ್ದರೆ, ಎರಡು ಸಣ್ಣ ಹಲಗೆಗಳಲ್ಲಿ ಈ ಗುರುತುಗಳನ್ನು ಕೆತ್ತಿ ನೀರುಬಣ್ಣದಿಂದ ಒಮ್ಮೆ ಮುದ್ರಿಸಿ ನೋಡಿ.

ಪ್ರಶ್ನೆ: ನಮ್ಮಲ್ಲಿ ಬಟ್ಟೆಯ ಮೇಲೆ ಮರದ ಅಚ್ಚು ಒತ್ತುತ್ತಾರಲ್ಲ, ಅದೂ ಇದೂ ಒಂದೇ ಅಲ್ಲವೆ?
— ಹುನಗುಂದದ ಓದುಗರು

ಉತ್ತರ: ಮರವನ್ನು ಉಬ್ಬಾಗಿ ಕೆತ್ತಿ ಬಣ್ಣ ಹಚ್ಚುವುದು ಎರಡರಲ್ಲಿಯೂ ಇದೆ. ಬಟ್ಟೆಯ ಅಚ್ಚು ಚಿಕ್ಕದು, ಅದನ್ನು ಕೈಯಲ್ಲಿ ಹಿಡಿದು ಬಟ್ಟೆಯ ಮೇಲೆ ಒತ್ತುತ್ತ ಒಂದೇ ಬಳ್ಳಿಯನ್ನೋ ಹೂವನ್ನೋ ಸಾಲಾಗಿ ಮುಂದುವರಿಸುತ್ತಾರೆ. ಮೊಕುಹಂಗಾದಲ್ಲಿ ಹಲಗೆ ಕೆಳಗೆ ಸ್ಥಿರವಾಗಿ ಮಲಗಿರುತ್ತದೆ, ಕಾಗದ ಅದರ ಮೇಲೆ ಬರುತ್ತದೆ, ಒತ್ತಡ ಕಾಗದದ ಬೆನ್ನಿನ ಮೇಲಿಂದ ಬೀಳುತ್ತದೆ. ಹೀಗಾಗಿ ಇಡೀ ಚಿತ್ರವನ್ನು ಒಂದೇ ಬಾರಿಗೆ, ಒಂದು ಭಾಗಕ್ಕೆ ಹೆಚ್ಚು ಇನ್ನೊಂದಕ್ಕೆ ಕಡಿಮೆ ಒತ್ತಡ ಕೊಟ್ಟು ಎತ್ತಬಹುದು.

ಪ್ರಶ್ನೆ: ಇದು ಜಪಾನೀಯರ ಪರಂಪರೆ. ಬೇರೆಯವರು ಮಾಡಿದರೆ ಅನುಕರಣೆಯೆನಿಸುವುದಿಲ್ಲವೆ? ಇದನ್ನು ಅಂತಾರಾಷ್ಟ್ರೀಯ ಕಲೆ ಎಂದು ಕರೆಯಲು ಏನು ಆಧಾರ?
— ಬೆಂಗಳೂರಿನ ಓದುಗರೊಬ್ಬರು

ಉತ್ತರ: ಹೊರಗಿನವರು ಮೊದಲು ಅನುಕರಿಸಿದ್ದು ಚಿತ್ರದ ನೋಟವನ್ನು. ವಿನ್ಸೆಂಟ್ ವಾನ್ ಗೋ 1887ರಲ್ಲಿ ಹಿರೋಶಿಗೆಯ ಮಳೆಯ ಸೇತುವೆಯನ್ನು ನೋಡಿಕೊಂಡು ಬರೆದದ್ದು ಕ್ಯಾನ್ವಾಸಿನ ಮೇಲೆ, ತೈಲವರ್ಣದಲ್ಲಿ. ಮುದ್ರಣದ ವಿಧಾನವೇ ದೇಶ ದಾಟಿದ ಕಥೆ ಬೇರೆ. ಜಪಾನ್ ಸರ್ಕಾರದ ಮುದ್ರಣ ಇಲಾಖೆಯ ಅಧಿಕಾರಿ ಟೊಕುನೊ ಅವರು ಈ ಕೆಲಸದ ಹಂತಗಳನ್ನು ವಿವರಿಸಿ ಬರೆದ ವರದಿಯನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ 1894ರಲ್ಲಿ ಪ್ರಕಟಿಸಿತು. ಇಂಗ್ಲೆಂಡಿನ ಫ್ರಾಂಕ್ ಮಾರ್ಲಿ ಫ್ಲೆಚರ್ ಅದರಿಂದ ನೆರವು ಪಡೆದು ನೀರುಬಣ್ಣದ ಮುದ್ರಣವನ್ನು ರೂಢಿಸಿಕೊಂಡರು, ಇತರರಿಗೆ ಕಲಿಸಿದರು, 1916ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಕೆನಡಾದ ವಿನಿಪೆಗ್‌ನಲ್ಲಿ ವಾಲ್ಟರ್ ಫಿಲಿಪ್ಸ್ ಇದೇ ವಿಧಾನದಲ್ಲಿ ತಮ್ಮ ನಾಡಿನ ಸರೋವರಗಳನ್ನೂ ಹಿಮವನ್ನೂ ಮುದ್ರಿಸಿದರು. ಅಮೆರಿಕದ ಹೆಲೆನ್ ಹೈಡ್ ಮತ್ತು ಬರ್ತಾ ಲಮ್ ನೇರವಾಗಿ ಜಪಾನಿಗೇ ಹೋದರು. ಅಂದರೆ ನೂರು ವರ್ಷಗಳ ಹಿಂದೆಯೇ ಮೂರು ನಾಲ್ಕು ದೇಶಗಳಲ್ಲಿ ಈ ಕೆಲಸ ನಡೆದಿತ್ತು. ಆದರೆ ಅವರಲ್ಲಿ ಅನೇಕರು ಒಬ್ಬೊಬ್ಬರೇ ದುಡಿದರು, ಸರಿಯಾದ ಸಾಮಗ್ರಿಯ ಕೊರತೆಯಿತ್ತು, ಎರಡನೆಯ ಮಹಾಯುದ್ಧದ ಹೊತ್ತಿಗೆ ಆ ಉತ್ಸಾಹ ಬಹುಮಟ್ಟಿಗೆ ತಣ್ಣಗಾಗಿತ್ತು.

ಯುದ್ಧದ ನಂತರ ಪ್ರವಾಹ ಇನ್ನೊಂದು ದಿಕ್ಕಿಗೆ ಹರಿಯಿತು. ಒಂಚಿ ಕೋಶಿರೊ ಅವರ ಸುತ್ತ ಸೇರಿದ್ದ ಸೋಸಾಕು ಹಂಗಾ ಕಲಾವಿದರ ಚಿತ್ರಗಳನ್ನು ಮಿತ್ರಪಡೆಗಳ ಆಡಳಿತದ ಕಾಲದಲ್ಲಿ ಟೋಕಿಯೊದಲ್ಲಿದ್ದ ಅಮೆರಿಕನ್ನರು ಕೊಂಡರು. 1951ರ ಸಾವೊ ಪಾಲೊ ದ್ವೈವಾರ್ಷಿಕ ಕಲಾಪ್ರದರ್ಶನದಲ್ಲಿ ಸೈಟೊ ಕಿಯೊಶಿ ಅವರಿಗೆ, 1956ರ ವೆನಿಸ್ ದ್ವೈವಾರ್ಷಿಕದಲ್ಲಿ ಮುನಾಕಾತಾ ಶಿಕೊ ಅವರಿಗೆ ಬಹುಮಾನಗಳು ಬಂದವು. ಚಿತ್ರಕಲೆ ಶಿಲ್ಪಕಲೆಗಳಿಗಿಂತ ಕೆಳಗಿನದೆಂದು ಸ್ವದೇಶದಲ್ಲಿಯೇ ಭಾವಿಸಲಾಗಿದ್ದ ಮುದ್ರಣಕ್ಕೆ ಜಗತ್ತಿನ ಮನ್ನಣೆ ದೊರೆತದ್ದನ್ನು ಕಂಡು, 1957ರಲ್ಲಿ ಟೋಕಿಯೊದಲ್ಲಿ ಅಂತಾರಾಷ್ಟ್ರೀಯ ಮುದ್ರಣಚಿತ್ರ ದ್ವೈವಾರ್ಷಿಕ ಆರಂಭವಾಗಿ 1979ರವರೆಗೆ ನಡೆಯಿತು. ತೋಶಿ ಯೋಶಿದಾ, ಕ್ಯೋಟೊದ ಕುರೋಸಾಕಿ ಅಕಿರಾ ಮುಂತಾದವರು ಹೊರದೇಶದ ವಿದ್ಯಾರ್ಥಿಗಳಿಗೆ ಮನಬಿಚ್ಚಿ ಕಲಿಸಿದರು. 1982ರಿಂದ ಕ್ಯಾಲಿಫೋರ್ನಿಯಾದ ಕ್ರೌನ್ ಪಾಯಿಂಟ್ ಪ್ರೆಸ್ಸಿನ ಕ್ಯಾಥನ್ ಬ್ರೌನ್ ಅವರು ಪ್ಯಾಟ್ ಸ್ಟೀರ್, ವೇಯ್ನ್ ಥೀಬೋ, ರಿಚರ್ಡ್ ಡೀಬೆನ್‌ಕಾರ್ನ್, ಚಕ್ ಕ್ಲೋಸ್ ಮುಂತಾದವರ ಚಿತ್ರಗಳನ್ನು ಕ್ಯೋಟೊದ ಮುದ್ರಕ ತೋದಾ ತಾದಾಶಿ ಅವರ ಕೈಯಲ್ಲಿ ಮುದ್ರಿಸಿದರು. ಮದ್ರಾಸಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಇಟಲಿಯ ಫ್ರಾಂಚೆಸ್ಕೊ ಕ್ಲೆಮೆಂತೆಯೂ ಆ ಪಟ್ಟಿಯಲ್ಲಿದ್ದಾರೆ.

ಆದರೂ ಇವೆಲ್ಲವುಗಳಿಗಿಂತ ಹೆಚ್ಚಿನ ಪರಿಣಾಮ ಮಾಡಿದ್ದು ಕಾದೊತಾ ಕೇಕೊ ಅವರ ಕೆಲಸವೆಂದು ನಮ್ಮ ಅಭಿಪ್ರಾಯ. ಅವರು 1997ರಿಂದ 2009ರವರೆಗೆ ಅವಾಜಿ ದ್ವೀಪದ ನಾಗಾಸಾವಾ ಎಂಬ ಹಳ್ಳಿಯಲ್ಲಿ, ಆಮೇಲೆ 2011ರಿಂದ ಫುಜಿ ಪರ್ವತದ ಬುಡದ ಕವಾಗುಚಿ ಸರೋವರದ ಬಳಿ, ವಿದೇಶಿ ಕಲಾವಿದರು ಕೆಲವು ವಾರ ತಂಗಿ ಕೆತ್ತನೆಗಾರರಿಂದಲೂ ಮುದ್ರಕರಿಂದಲೂ ಕಲಿಯುವ ಏರ್ಪಾಡು ಮಾಡಿದರು. ಅಲ್ಲಿ ಕಲಿತವರು ತಮ್ಮ ಊರುಗಳಿಗೆ ಮರಳಿ ಅಧ್ಯಾಪಕರಾದರು, ಅವರ ಶಿಷ್ಯರು ಮತ್ತೆ ಅಲ್ಲಿಗೆ ಹೋದರು. 2011ರಲ್ಲಿ ಕ್ಯೋಟೊ ಮತ್ತು ಅವಾಜಿಯಲ್ಲಿ ನಡೆದ ಮೊದಲ ಅಂತಾರಾಷ್ಟ್ರೀಯ ಮೊಕುಹಂಗಾ ಸಮ್ಮೇಳನವು ಈ ಬಳಗದಿಂದಲೇ ಹುಟ್ಟಿತು. ಮುಂದಿನವು 2014ರಲ್ಲಿ ಟೋಕಿಯೊದಲ್ಲಿ, 2017ರಲ್ಲಿ ಹವಾಯಿಯಲ್ಲಿ, ಕೋವಿಡ್‌ನಿಂದ ಮುಂದೆ ಹೋಗಿ 2021ರಲ್ಲಿ ನಾರಾದ ಹೆಸರಿನಲ್ಲಿ ಆನ್‌ಲೈನ್ ಆಗಿ, 2024ರಲ್ಲಿ ಕಾಗದದ ಊರಾದ ಎಚಿಜೆನ್‌ನಲ್ಲಿ ಸೇರಿದವು. ಸರಿಯಾಗಿ ನೋಡಿದರೆ, ಕೆಲಸವನ್ನು ನಾಲ್ವರಿಗೆ ಹಂಚುತ್ತಿದ್ದ ಹಳೆಯ ಕಟ್ಟು ಸಡಿಲಗೊಂಡು ಇಡೀ ವಿಧಾನವು ಒಬ್ಬನ ಕೈಗೆ ಬಂದದ್ದರಿಂದಲೇ ಅದು ಹೀಗೆ ಪ್ರಯಾಣ ಮಾಡಲು ಸಾಧ್ಯವಾಯಿತು. ಒಂದು ಇಡೀ ಕಾರ್ಖಾನೆಯನ್ನು ಬೇರೆ ದೇಶಕ್ಕೆ ಸಾಗಿಸುವುದು ಕಷ್ಟ, ಒಂದು ಚೀಲದಷ್ಟು ಉಳಿಗಳನ್ನೂ ಕುಂಚಗಳನ್ನೂ ಸಾಗಿಸುವುದು ಸುಲಭ.

ಅನುಕರಣೆಯ ಮಾತಿಗೆ ಬಂದರೆ, ಕಿಮೊನೊ ತೊಟ್ಟ ಹೆಣ್ಣನ್ನೂ ಚೆರಿ ಹೂವನ್ನೂ ಮತ್ತೆಮತ್ತೆ ಮುದ್ರಿಸುವ ವಿದೇಶಿಯರು ಇದ್ದಾರೆ, ಅವುಗಳಲ್ಲಿ ಹೆಚ್ಚಿನವು ನೀರಸವಾಗಿವೆ. ಆದರೆ ಕ್ಯೋಟೊದಲ್ಲಿ ಕಲಿತು ಜಪಾನಿನಲ್ಲಿ ಆರು ವರ್ಷ ಇದ್ದ ಬ್ರಿಟನ್ನಿನ ರೆಬೆಕಾ ಸಾಲ್ಟರ್ ಅವರ ಅಮೂರ್ತ ಚಿತ್ರಗಳನ್ನು ನೋಡಿ ಇದು ಯಾವುದರ ಅನುಕರಣೆ ಎಂದು ಹೇಳುವುದು ಸುಲಭವಲ್ಲ. 1768ರಲ್ಲಿ ಸ್ಥಾಪನೆಯಾದ ಲಂಡನ್ನಿನ ರಾಯಲ್ ಅಕಾಡೆಮಿಗೆ 2019ರಲ್ಲಿ ಅಧ್ಯಕ್ಷೆಯಾಗಿ ಆಯ್ಕೆಯಾದ ಮೊದಲ ಮಹಿಳೆ ಅವರೇ.

ಪ್ರಶ್ನೆ: ಲೇಸರ್ ಮತ್ತು ಕಂಪ್ಯೂಟರ್ ಯಂತ್ರಗಳಿಂದ ಹಲಗೆ ಕೆತ್ತಿಸುವವರೂ ತಮ್ಮದು ಮೊಕುಹಂಗಾ ಎನ್ನುತ್ತಾರೆ. ಇದನ್ನು ಒಪ್ಪಬಹುದೆ?
— ನ್ಯೂಜೆರ್ಸಿಯಲ್ಲಿರುವ ಕನ್ನಡಿಗ ಓದುಗರು

ಉತ್ತರ: ಒಪ್ಪಬಹುದು ಎಂದೇ ನಮ್ಮ ಉತ್ತರ, ಆದರೆ ಎಲ್ಲರೂ ಹಾಗೆ ಹೇಳುವುದಿಲ್ಲ. ಅಮೆರಿಕದ ಕ್ಯಾನ್ಸಸ್ ಸಿಟಿಯ ಮೈಕ್ ಲಯನ್ ಅವರು ಕಂಪ್ಯೂಟರ್ ನಿಯಂತ್ರಿತ ಯಂತ್ರದಿಂದ ಆಳೆತ್ತರಕ್ಕೆ ಹತ್ತಿರದ ಹಲಗೆಗಳನ್ನು ಕೆತ್ತಿಸಿ ಮುಖಚಿತ್ರಗಳನ್ನು ಮುದ್ರಿಸಿದ್ದಾರೆ. ಉಳಿಯ ಹಿಡಿತವನ್ನು ವರ್ಷಗಟ್ಟಲೆ ಸಾಧಿಸಿದವರಿಗೆ ಇದು ಅಡ್ಡದಾರಿಯಂತೆ ಕಾಣುವುದು ಸಹಜ. ನಾವು ಒಪ್ಪಲು ಕಾರಣ, ಚಿತ್ರದ ಜೀವ ಅರ್ಧಕ್ಕಿಂತ ಹೆಚ್ಚು ಮುದ್ರಣದಲ್ಲಿದೆ, ತೇವ, ಅಂಟು, ಕುಂಚ, ಬಾರೆನ್ನಿನ ಒತ್ತಡ ಇವನ್ನು ಯಂತ್ರಕ್ಕೆ ಒಪ್ಪಿಸಲು ಇನ್ನೂ ಆಗಿಲ್ಲ.

ಇನ್ನೊಂದು ಬಗೆಯಲ್ಲಿಯೂ ತಂತ್ರಜ್ಞಾನ ಬಂದಿದೆ. ನೋದಾ ತೆತ್ಸುಯಾ ಅವರು ತಮ್ಮ ದಿನಚರಿಯೆಂದು ಕರೆದ ಚಿತ್ರಮಾಲಿಕೆಯಲ್ಲಿ ತಾವೇ ತೆಗೆದ ಮನೆಯವರ, ಮನೆಯ ವಸ್ತುಗಳ ಛಾಯಾಚಿತ್ರಗಳನ್ನು ಸಿಲ್ಕ್‌ಸ್ಕ್ರೀನಿನಿಂದಲೂ ಹಿನ್ನೆಲೆಯ ಮಾಸಲು ಬಣ್ಣವನ್ನು ಮರದ ಹಲಗೆಯಿಂದಲೂ ಮುದ್ರಿಸಿದರು. 1968ರ ಟೋಕಿಯೊ ದ್ವೈವಾರ್ಷಿಕದಲ್ಲಿ ಅವರಿಗೆ ದೊಡ್ಡ ಬಹುಮಾನ ಬಂದಾಗ, ಇದನ್ನು ಮುದ್ರಣಚಿತ್ರ ಎನ್ನಬೇಕೆ ಛಾಯಾಚಿತ್ರ ಎನ್ನಬೇಕೆ ಎಂಬ ಚರ್ಚೆ ಎದ್ದದ್ದು ಈಗ ವಿಚಿತ್ರವೆನಿಸುತ್ತದೆ. 1978ರಲ್ಲಿ ಹುಟ್ಟಿದ ಯುಆಸಾ ಕತ್ಸುತೋಶಿ ಅವರದು ಇದರ ಮಗ್ಗುಲಿನ ದಾರಿ. ಅವರು ಛಾಯಾಚಿತ್ರವನ್ನು ಪ್ಲೈವುಡ್ಡಿನ ಮೇಲೆ ವರ್ಗಾಯಿಸಿ, ಅದರ ಬೆಳಕು ನೆರಳನ್ನು ಸಾವಿರಾರು ಸಣ್ಣ ಗೆರೆಗಳಾಗಿ ಕೈಯಿಂದಲೇ ಕೆತ್ತುತ್ತಾರೆ. ಕ್ಯಾಮೆರಾ ಕ್ಷಣದಲ್ಲಿ ಹಿಡಿದುದನ್ನು ಉಳಿಯು ವಾರಗಟ್ಟಲೆ ಹಿಂಬಾಲಿಸುವ ಈ ಕೆಲಸವು ಇಂದಿನ ಮೊಕುಹಂಗಾದಲ್ಲಿ ನಮಗೆ ಅತ್ಯಂತ ಮೆಚ್ಚಿಗೆಯಾದದ್ದು.

ನಿಮ್ಮಂತಹ ಹೊರನಾಡಿನವರಿಗೆ ಪರಿಚಿತವಿರಬಹುದಾದ ಇನ್ನೊಂದು ಉದಾಹರಣೆಯೆಂದರೆ, ಅಮೆರಿಕದ ಚಿತ್ರಕಾರ ಜೆಡ್ ಹೆನ್ರಿ ಅವರು ವಿಡಿಯೊ ಆಟಗಳ ಪಾತ್ರಗಳನ್ನು ಉಕಿಯೊ-ಎ ಎಂಬ ಎದೊ ಕಾಲದ ಚಿತ್ರಶೈಲಿಯಲ್ಲಿ ಬರೆದು, 1986ರಿಂದ ಜಪಾನಿನಲ್ಲಿ ನೆಲೆಸಿರುವ ಡೇವಿಡ್ ಬುಲ್ ಅವರಿಂದ ಮರದಲ್ಲಿ ಮುದ್ರಿಸಿದ್ದು. 2012ರಲ್ಲಿ ಅದಕ್ಕೆ ಸಾರ್ವಜನಿಕರಿಂದ ಮುಂಗಡವಾಗಿ ಮೂರು ಲಕ್ಷ ಡಾಲರ್‌ಗಳಿಗೂ ಹೆಚ್ಚು ಹಣ ಕೂಡಿತು. ಚಿತ್ರಗಳು ಮಹತ್ವದವೇ ಎಂಬ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಚಿತ್ರಕಾರ, ಕೆತ್ತನೆಗಾರ, ಮುದ್ರಕ, ಕೊಳ್ಳುವ ಸಾಮಾನ್ಯ ಜನ ಎಂಬ ಎದೊ ಕಾಲದ ಸರಪಳಿಯು ಇಂಟರ್‌ನೆಟ್ಟಿನ ಮೂಲಕ ಮತ್ತೆ ಕೂಡಿಕೊಂಡಿತು ಎಂಬುದು ಮಾತ್ರ ಸ್ಪಷ್ಟ.

ಪ್ರಶ್ನೆ: ಈ ವಿಧಾನದಲ್ಲಿ ಭಾರತದ ದೃಶ್ಯಗಳನ್ನು ಯಾರಾದರೂ ಮುದ್ರಿಸಿದ್ದಾರೆಯೆ?
— ಮಂಗಳೂರಿನ ಓದುಗರು

ಉತ್ತರ: ಮುದ್ರಿಸಿದ್ದಾರೆ. 1913ರಲ್ಲಿ ಭಾರತವನ್ನು ಸುತ್ತಿದ ಇಂಗ್ಲೆಂಡಿನ ಚಾರ್ಲ್ಸ್ ಬಾರ್ಟ್‌ಲೆಟ್ ಅವರ ಆಗ್ರಾ, ಕಾಶಿ, ಉದಯಪುರಗಳ ಚಿತ್ರಗಳನ್ನು ಮೇಲೆ ಹೇಳಿದ ವಾತಾನಾಬೆ ಅವರು 1916ರಲ್ಲಿ ಟೋಕಿಯೊದಲ್ಲಿ ಪ್ರಕಟಿಸಿದರು. 1930ರ ಕೊನೆಗೆ ಭಾರತಕ್ಕೆ ಬಂದ ಯೋಶಿದಾ ಹಿರೋಶಿ ಅವರ ಮಾಲಿಕೆ ಇನ್ನೂ ದೊಡ್ಡದು. ತಾಜಮಹಲನ್ನು ಬೇರೆಬೇರೆ ಹೊತ್ತಿನ ಬೆಳಕಿನಲ್ಲಿ ಚಿತ್ರಿಸಿದ್ದಲ್ಲದೆ ಮಧುರೆಯ ದೇವಾಲಯ, ಅಜಂತಾ, ಸಾಂಚಿ, ಫತೇಪುರ ಸಿಕ್ರಿ, ಕಾಂಚನಜುಂಗಾಗಳನ್ನೂ ಅವರು ಮರಕ್ಕಿಳಿಸಿದರು. ಅವರು ತಮ್ಮದೇ ಕಾರ್ಯಾಗಾರದಲ್ಲಿ ಕೆತ್ತನೆಗಾರರ, ಮುದ್ರಕರ ಪಕ್ಕದಲ್ಲಿ ನಿಂತು ಪ್ರತಿ ಹಂತವನ್ನೂ ನಿಯಂತ್ರಿಸುತ್ತಿದ್ದವರು. 1926ರ ದೋಣಿಯ ಚಿತ್ರಗಳಲ್ಲಿ ಅವೇ ಹಲಗೆಗಳಿಂದ ಬೆಳಗು, ಮಂಜು, ಸಂಜೆ, ರಾತ್ರಿಗಳನ್ನು ಕೇವಲ ಬಣ್ಣ ಬದಲಿಸಿ ತೋರಿಸಿದ್ದ ಪ್ರಯೋಗವೇ ಭಾರತದ ಚಿತ್ರಗಳಿಗೂ ಒದಗಿ ಬಂದಿತು. ಸ್ಕಾಟ್ಲೆಂಡಿನಲ್ಲಿ ನೆಲೆಸಿದ್ದ ಮೇಬಲ್ ರಾಯ್ಡ್ಸ್ ಕೂಡ ಭಾರತ ಪ್ರವಾಸದ ನೋಟಗಳನ್ನು ಮರದಚ್ಚಿನಲ್ಲಿ ಮುದ್ರಿಸಿದರು.

ಬಂಗಾಳಕ್ಕೂ ಜಪಾನಿಗೂ ಇದ್ದ ಕಲಾಸಂಬಂಧವನ್ನು ಕೆಲವರು ಇಲ್ಲಿ ನೆನೆಯುವರು. ಜಪಾನಿನ ಕಲಾಚಿಂತಕ ಒಕಾಕುರಾ 1902ರಲ್ಲಿ, ಚಿತ್ರಕಾರ ಯೊಕೊಯಾಮಾ ತಾಯ್ಕಾನ್ 1903ರಲ್ಲಿ ಕೋಲ್ಕತ್ತಕ್ಕೆ ಬಂದದ್ದರಿಂದ ಅವನೀಂದ್ರನಾಥರ ವರ್ಣಚಿತ್ರಗಳಲ್ಲಿ ತೊಳೆದ ಬಣ್ಣದ ಶೈಲಿ ಮೂಡಿತು. ಅದು ಕುಂಚದ ಚಿತ್ರಕಲೆಗೆ ಸಂಬಂಧಿಸಿದ್ದು, ಮರದಚ್ಚಿಗಲ್ಲ. 1930ರಲ್ಲಿ ದಂಡಿಯಾತ್ರೆಯ ಗಾಂಧಿಯನ್ನು ನಂದಲಾಲ ಬೋಸರು ಮುದ್ರಿಸಿದ್ದು ಲಿನೋಲಿಯಂ ಹಾಳೆಯಲ್ಲಿ, ಕಪ್ಪು ಬಿಳುಪಿನಲ್ಲಿ.

ಪ್ರಶ್ನೆ: ಮನೆಯಲ್ಲಿಯೇ ಆರಂಭಿಸಲು ಸಾಮಗ್ರಿ ಎಲ್ಲಿಂದ ತರುವುದು? ನಮ್ಮ ಮಳೆಗಾಲದಲ್ಲಿ ಇದು ಸಾಧ್ಯವೆ? ರಾಸಾಯನಿಕಗಳಿಲ್ಲದ್ದರಿಂದ ಮಕ್ಕಳಿಗೂ ಕಲಿಸಬಹುದು ಎನ್ನುತ್ತಾರೆ, ನಿಜವೆ?
— ತೀರ್ಥಹಳ್ಳಿಯ ಶಿಕ್ಷಕಿ

ಉತ್ತರ: ಕೊನೆಯ ಪ್ರಶ್ನೆಯಿಂದ ಆರಂಭಿಸೋಣ. ಸೀಮೆಎಣ್ಣೆ, ಟರ್ಪೆಂಟೈನ್ ಬೇಕಿಲ್ಲ, ಎಲ್ಲವನ್ನೂ ನೀರಿನಲ್ಲಿ ತೊಳೆಯಬಹುದು ಎಂಬುದು ನಿಜ, ಪಶ್ಚಿಮದ ಅನೇಕ ಕಲಾ ಶಾಲೆಗಳು ಇದರತ್ತ ಒಲಿಯಲು ಅದೂ ಒಂದು ಕಾರಣ. ಆದರೆ ನೀರುಬಣ್ಣವೆಂದ ಮಾತ್ರಕ್ಕೆ ನಿರಪಾಯವಾಗುವುದಿಲ್ಲ. ಹಳೆಯ ಜಪಾನೀ ಚಿತ್ರಗಳ ಹಳದಿಯಲ್ಲಿ ಆರ್ಸೆನಿಕ್, ಕೆಂಪಿನಲ್ಲಿ ಪಾದರಸ ಇರುತ್ತಿತ್ತು. ಇಂದಿನ ಟ್ಯೂಬುಗಳಲ್ಲಿಯೂ ಕ್ಯಾಡ್ಮಿಯಂ, ಕೋಬಾಲ್ಟ್ ಇರುವ ಬಣ್ಣಗಳಿವೆ. ಮಕ್ಕಳಿಗೆ ಅವನ್ನು ಬಿಟ್ಟು ಶಾಲೆಯ ಸಾಮಾನ್ಯ ನೀರುಬಣ್ಣಗಳನ್ನು ಕೊಡಿ, ಉಳಿಯನ್ನು ಹಿಡಿಯುವ ಕೈಗಿಂತ ಮುಂದೆ ಇನ್ನೊಂದು ಕೈ ಬರದಂತೆ ಮೊದಲ ದಿನವೇ ಕಲಿಸಿ.

ಜಪಾನಿನಲ್ಲಿ ಸೂಕ್ಷ್ಮ ಕೆಲಸಕ್ಕೆ ಕಾಡು ಚೆರಿ ಮರವನ್ನೂ ಇಂದಿನ ಕಲಾವಿದರು ಹೆಚ್ಚಾಗಿ ಶಿನಾ ಎಂಬ ಮೃದು ಮರದ ಪ್ಲೈವುಡ್ಡನ್ನೂ ಬಳಸುತ್ತಾರೆ. ನಮ್ಮ ಅಂಗಡಿಗಳ ಸಾಧಾರಣ ಪ್ಲೈವುಡ್ ಒರಟು, ಉಳಿ ತಾಗಿದರೆ ಚಕ್ಕೆ ಏಳುತ್ತದೆ. ಚನ್ನಪಟ್ಟಣದ ಆಟಿಕೆಗಳಿಗೆ ಬಳಸುವ ಆಲೆ ಮರದ ಎಳೆ ನಯವಾಗಿದೆ, ಹಲಗೆ ಸಿಕ್ಕರೆ ಅಂಗೈಯಗಲದ ಚಿತ್ರಕ್ಕೆ ಪ್ರಯೋಗಿಸಬಹುದು. ಅಕ್ಕಿಹಿ‌ಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕುದಿಸಿ ಸೋಸಿದರೆ ಅಂಟು ಸಿದ್ಧ. ಕಾಗದಕ್ಕೆ ನೇಪಾಳದ ಲೋಕ್ತಾ ಸಿಗುತ್ತದೆ, ಅದರ ನಾರು ಉದ್ದವಾಗಿರುವುದರಿಂದ ತೇವವನ್ನು ತಾಳುತ್ತದೆ, ಬಣ್ಣ ಹರಡಿದರೆ ಪಟಿಕ ಮತ್ತು ಜೆಲಟಿನ್ ದ್ರಾವಣವನ್ನು ತೆಳುವಾಗಿ ಸವರಿ ಒಣಗಿಸಿಕೊಳ್ಳಿ. ಹತ್ತಿಯ ಕೈಕಾಗದವು ದಪ್ಪವಾಗಿದ್ದು ಒಂದೆರಡು ಬಣ್ಣಗಳಿಗೆ ಸಾಕಾಗುತ್ತದೆ. ಬಾರೆನ್ ಇಲ್ಲದಿದ್ದರೆ ಮರದ ಸೌಟಿನ ಬೆನ್ನಿನಿಂದಲೂ ಒತ್ತಬಹುದು, ದೊಡ್ಡ ಹರವು ಮಾತ್ರ ಸಮನಾಗಿ ಬರುವುದಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ತೇವ ಕಾಯ್ದುಕೊಳ್ಳುವುದು ಬಯಲುಸೀಮೆಯವರಿಗಿಂತ ನಿಮಗೆ ಸುಲಭ, ಬೂಷ್ಟು ಹಿಡಿಯುವುದು ಮಾತ್ರ ತೊಂದರೆ. ತೇವದ ಕಾಗದದ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದೆರಡು ದಿನಗಳಲ್ಲಿಯೇ ಮುದ್ರಿಸಿ ಮುಗಿಸಿ, ಉಳಿದರೆ ಫ್ರಿಜ್ಜಿನಲ್ಲಿಡಿ. ಅಂಟನ್ನೂ ದಿನದ ಲೆಕ್ಕಕ್ಕೆ ಮಾಡಿಕೊಳ್ಳಿ. ಮುದ್ರಿಸಿದ ಹಾಳೆಗಳನ್ನು ರಟ್ಟುಗಳ ನಡುವೆ ಭಾರ ಹೇರಿ ಒಣಗಿಸಿದರೆ ಸುಕ್ಕಾಗುವುದಿಲ್ಲ.

ಒಂದು ಹಂತದ ನಂತರ ಜಪಾನಿನ ಸಾಮಗ್ರಿಯೇ ಬೇಕೆನಿಸುತ್ತದೆ. ಈ ಕಲೆಯ ಅತಿ ದುರ್ಬಲ ಕೊಂಡಿಯೂ ಅಲ್ಲಿಯೇ ಇದೆ. ಕಲಿಯುವವರು ಹಲವು ಖಂಡಗಳಲ್ಲಿ ಹೆಚ್ಚುತ್ತಿದ್ದಾರೆ, ಕೈಯಿಂದ ಬಾರೆನ್ ಕಟ್ಟುವವರು, ಕುಂಚ ಮಾಡುವವರು, ಶುದ್ಧ ಕೋಜೊ ಕಾಗದ ಎತ್ತುವವರು ಬೆರಳೆಣಿಕೆಗೆ ಇಳಿದಿದ್ದಾರೆ. ಎಚಿಜೆನ್‌ನ ಕಾಗದ ಮಾಡುವ ಮನೆತನದಲ್ಲಿ ಆ ಹೆಸರು ಹೊತ್ತ ಒಂಬತ್ತನೆಯವರಾದ ಇವಾನೊ ಇಚಿಬೇ ಅವರಿಗೆ ಜಪಾನ್ ಸರ್ಕಾರ 2000ದಲ್ಲಿ ಜೀವಂತ ರಾಷ್ಟ್ರೀಯ ನಿಧಿ ಎಂಬ ಗೌರವ ಕೊಟ್ಟಿತು. ಗೌರವದಿಂದ ಒಲೆ ಉರಿಯುವುದಿಲ್ಲ, ಕಾಗದವನ್ನು ಕೊಳ್ಳುವವರು ಬೇಕು. ದೇಶದೊಳಗಿನ ಬೇಡಿಕೆ ಕುಗ್ಗಿರುವಾಗ ವಿದೇಶಿ ಕಲಾವಿದರ ಕೊಳ್ಳುವಿಕೆಯೂ ಆ ಕುಟುಂಬಗಳಿಗೆ ಆಧಾರವಾಗುತ್ತಿದೆ. 2024ರ ಸಮ್ಮೇಳನವನ್ನು ಎಚಿಜೆನ್‌ನಲ್ಲಿ ಸೇರಿಸಿದ್ದರ ಔಚಿತ್ಯವೂ ಅದರಲ್ಲಿದೆ.

ಪ್ರಶ್ನೆ: ಮಗಳು ಟೋಕಿಯೊದಿಂದ ಅಲೆಯ ಚಿತ್ರವನ್ನು ತಂದುಕೊಟ್ಟಿದ್ದಾಳೆ. ಅದು ಮರದಲ್ಲಿ ಮುದ್ರಿಸಿದ್ದೇ ಅಥವಾ ಬರಿಯ ಪೋಸ್ಟರೇ ಎಂದು ತಿಳಿಯುವುದು ಹೇಗೆ? ಅದನ್ನು ಹೇಗೆ ಇಟ್ಟುಕೊಳ್ಳಬೇಕು?
— ಮೈಸೂರಿನ ಹಿರಿಯ ಓದುಗರು

ಉತ್ತರ: ಭೂತಗನ್ನಡಿಯಿಂದ ನೋಡಿ. ಬಣ್ಣಗಳು ಸಣ್ಣ ಸಣ್ಣ ಚುಕ್ಕೆಗಳ ಜಾಲವಾಗಿ ಕಂಡರೆ ಅದು ಯಂತ್ರದ ಮುದ್ರಣ. ಹಾಗಿಲ್ಲದಿದ್ದರೆ ಹಾಳೆಯನ್ನು ತಿರುಗಿಸಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮರದಚ್ಚಿನದಾದರೆ ಬೆನ್ನಿಗೂ ಬಣ್ಣ ಇಳಿದಿರುತ್ತದೆ, ಬಾರೆನ್ ಉಜ್ಜಿದ ಸುತ್ತುಸುತ್ತಿನ ಗುರುತುಗಳು ಕಾಣುತ್ತವೆ, ಮುಂಭಾಗದ ರೇಖೆಗಳು ಕಾಗದದಲ್ಲಿ ತುಸು ತಗ್ಗಾಗಿರುತ್ತವೆ. ಹಳೆಯ ಚಿತ್ರಗಳನ್ನು ಹೊಸ ಹಲಗೆಗಳಲ್ಲಿ ಕೆತ್ತಿ ಕೈಯಿಂದಲೇ ಮುದ್ರಿಸಿ ಮಾರುವ ಸಂಸ್ಥೆಗಳು ಟೋಕಿಯೊದಲ್ಲಿವೆ, ನಿಮ್ಮದು ಅಂತಹದ್ದಾಗಿದ್ದರೆ ಅದು ಪುರಾತನವಲ್ಲದಿದ್ದರೂ ನಿಜವಾದ ಮೊಕುಹಂಗಾ. ಬಿಸಿಲು ನೇರವಾಗಿ ಬೀಳದ ಗೋಡೆಯನ್ನು ಆರಿಸಿ, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚು ಕೊಡಿಸಿ. ಚೌಕಟ್ಟು ಹಾಕುವವರು ಹಿಂದಿನ ಹಲಗೆಗೆ ಅಂಟಿಸಲು ಅಥವಾ ಲ್ಯಾಮಿನೇಟ್ ಮಾಡಲು ಮುಂದಾದರೆ ಬೇಡವೆಂದು ಸ್ಪಷ್ಟವಾಗಿ ಹೇಳಿ, ಹಾಳೆಯ ಮೇಲಂಚಿಗೆ ಎರಡು ಕಡೆ ಕಾಗದದ ಪಟ್ಟಿಯನ್ನು ಹಿಟ್ಟಿನ ಅಂಟಿನಿಂದ ಹಚ್ಚಿ ತೂಗುಹಾಕಿದರೆ ಸಾಕು.